ಕೆಂಪಾಜಿ ಮನೆಯ ದೊಡ್ಡದು

ಕೆಂಪಾಜಿ ನನ್ನ ಅಕ್ಕನ ಮಗಳು. ಗಂಡನನ್ನು ಬಿಡುತ್ತೇನೆ ಅಂತ ಅವಳು ಮೊದಲು ಬಾಯಿಬಿಟ್ಟು ಹೇಳಿದ್ದು ನನ್ನ ಹತ್ತಿರ. ಆಗ ನಾನು ಊಟಕ್ಕೆ ಕೂತಿದ್ದೆ. ಮುರಿದಿದ್ದ ಮುದ್ದೆಯನ್ನು ತಟ್ಟೆಗೇ ಹಾಕಿದೆ. ನೀರು ಕುಡಿದು ಕೇಳಿದೆ, "ಹೊಡುದ್ನಾ?"

"ಇಲ್ಲ ಮಾವ."

"ಕುಡಿತಾನಾ?"

"ಕುಡುದಿದ್ರೆ ಸುಮ್ಕಾದ್ರೂ ಬಿದ್ಕಂಡಿರ್ತಿದ್ದ."

"ಮತ್ತಿನ್ನೇನವ್ವ ನಿನ್ನ ತಕರಾರು?"

"ಕೇಳ್ತಾನೆ," ಅಂದಳು. ಅಷ್ಟು ಹೇಳಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಹಗಲೆಲ್ಲ ನಡೆದು ಬಂದವರು ಕೂರುವ ಹಾಗೆ ಕೂತಿದ್ದಳು. ಅವಳ ಮನೆಯಿಂದ ನನ್ನ ಮನೆಗೆ ಒಂದು ಬೀದಿ ದೂರ.

ಗಂಡ ದ್ಯಾವಪ್ಪ ಗಾಣ ಆಡಿಸುವವನು. ದುಡಿಯುವ ಕೈ, ಬಾಯಲ್ಲಿ ಕೆಟ್ಟ ಮಾತಿಲ್ಲ, ಹೆಂಡತಿ ಅಂದರೆ ಜೀವ. ಆದರೆ ಕೇಳುತ್ತಾನೆ. ಮಡಕೆಗೆ ಮುಚ್ಚಳ ಹಾಕಿದ್ಯಾ, ಹಾಕಿದ್ದರೆ ಯಾಕೆ ಹಾಕಿದೆ, ಅನ್ನ ಬೆವರುವುದಿಲ್ಲವಾ. ಬಾಗಿಲು ಎಳೆದ್ಯಾ. ನೀರಿಗೆ ಯಾವ ದಾರಿಯಲ್ಲಿ ಹೋದೆ, ಯಾರು ಸಿಕ್ಕಿದರು, ಅವರೇನಂದರು, ನೀನೇನಂದೆ. ಮಲಗಿದ ಮೇಲೆ ನಿದ್ದೆ ಬಂತಾ ಅಂತ ಕೇಳುತ್ತಾನೆ. ಬಂದಿದ್ದ ನಿದ್ದೆ ಅದನ್ನು ಕೇಳಿಯೇ ಎದ್ದು ಹೋಗುತ್ತದೆ. ಅನುಮಾನದ ಗಂಡಸು ಅಂತ ತಿಳಿಯಬೇಡಿ. ಅನುಮಾನವಾಗಿದ್ದರೆ ಒಂದು ದೊಡ್ಡ ಜಗಳಕ್ಕೆ ಮುಗಿಯುತ್ತಿತ್ತು. ಇವನಿಗೆ ಮನೆಯ ಪ್ರತಿಯೊಂದು ವಸ್ತುವೂ ತನ್ನ ಜಾಗದಲ್ಲಿದೆ ಅಂತ ಯಾರಾದರೂ ಹೇಳುತ್ತಲೇ ಇರಬೇಕು. ಹೇಳುವ ಕೆಲಸ ಕೆಂಪಾಜಿಗೆ ಬಿದ್ದಿತ್ತು.

"ಗಾಣದೆತ್ತಿಗಾದ್ರೂ ಸಂಜೆಗೆ ನೊಗ ಇಳುಸ್ತಾರೆ ಮಾವ," ಅಂದಳು ಕಣ್ಣು ಬಿಡದೆ.

ಬೇರೆ ಊರಾಗಿದ್ದರೆ ನಾಲ್ಕು ಜನ ಕೂತು ಮಾತಾಡಿ ಬಿಡಿಸಿ ಕಳಿಸುತ್ತಿದ್ದರು. ನಮ್ಮೂರಲ್ಲಿ ಅದು ನಡೆಯುವುದಿಲ್ಲ. ನಮ್ಮಲ್ಲಿ ಗಂಡ ಹೆಂಡತಿ ಸೇರಿ ಹೊಸ ಒಲೆ ಹಚ್ಚಿದ ಸಂಜೆಯೇ ಆ ಮನೆಯ ಹೆಂಚಿನ ಮೇಲೆ, ಒಂದಾಳೆತ್ತರದಲ್ಲಿ, ನಕ್ಷತ್ರ ಹುಟ್ಟುತ್ತದೆ. ಸಣ್ಣ ಒಲೆಯವರದು ನಿಂಬೆಹಣ್ಣಿನಷ್ಟು, ಹತ್ತಾರು ಜನರಿಗೆ ಬೇಯಿಸುವ ದೊಡ್ಡ ಒಲೆಯವರದು ತೆಂಗಿನಕಾಯಿಯಷ್ಟು. ಅದರ ಸುತ್ತ ಸಾಸಿವೆ ಕಡಲೆ ಗಾತ್ರದ ಉಂಡೆಗಳು ಹತ್ತಿರದಲ್ಲೇ ತಿರುಗುತ್ತಿರುತ್ತವೆ. ಅವು ಎಲ್ಲರ ಮನೆಗೂ ಉಂಟು. ಗಾಳಿ ಜೋರಾದರೆ ಒಂದೆರಡು ಹೆಂಚಿನ ಮೇಲೆ ಟಪ್ಪೆಂದು ಬೀಳುತ್ತವೆ, ಮಕ್ಕಳು ಆರಿಸಿಕೊಂಡು ಆಡುತ್ತವೆ. ಇವಲ್ಲದೆ ಇನ್ನೊಂದು ಇರುತ್ತದೆ ಅಂತ ಹಿರಿಯರು ಹೇಳಿಕೊಂಡು ಬಂದರು. ಅದನ್ನು ನಾವು ದೊಡ್ಡದು ಅಂತಲೇ ಅನ್ನುವುದು. ಕುಂಬಳಕಾಯಿ ಗಾತ್ರ. ಅದು ಮನೆಯ ಹತ್ತಿರ ಸುಳಿಯುವುದಿಲ್ಲ. ಕೆರೆಯ ಆಚೆ, ಗೋಮಾಳದ ಆಚೆ, ಊರಿನ ಎಲ್ಲೆಯ ಮೇಲೆ ಎಲ್ಲೋ ಅದರ ದಾರಿ. ಒಂದು ಸುತ್ತು ಮುಗಿಸುವುದರಲ್ಲಿ ಒಲೆ ಹಚ್ಚಿದವರ ಮೊಮ್ಮಕ್ಕಳಿಗೆ ತಲೆ ನರೆತಿರುತ್ತದೆ. ಮನೆಯ ನಕ್ಷತ್ರ ಹಿಡಿದುಕೊಂಡಿರುವ ತನಕ ಅದು ದಾರಿಯಲ್ಲಿರುತ್ತದೆ. ಒಲೆ ಆರಿದರೆ ನಕ್ಷತ್ರ ಆರುತ್ತದೆ, ನಕ್ಷತ್ರ ಆರಿದರೆ ದೊಡ್ಡದು ಕೈತಪ್ಪುತ್ತದೆ, ಆಮೇಲೆ ಯಾರ ತಲೆಯ ಮೇಲೆ ಬಂದು ಬೀಳುತ್ತದೋ ಹೇಳುವವರಿಲ್ಲ. ಅದಕ್ಕೇ ನಮ್ಮೂರಲ್ಲಿ ಮದುವೆ ಮುರಿಯುವಂತಿರಲಿಲ್ಲ. ಎಲ್ಲರ ಮನೆಗೂ ದೊಡ್ಡದು ಇದ್ದೇ ಇರುತ್ತದೆ ಅಂತ ನಂಬಿಕೆ. ಅಕ್ಷತೆ ಹಾಕುವಾಗ "ನಿಮ್ಮ ದೊಡ್ಡದು ದೂರದಲ್ಲಿ ಸುಖವಾಗಿ ಸುತ್ತಲಿ" ಅಂತ ಹರಸುತ್ತಾರೆ. ನನಗೂ ಹಾಗೆ ಹರಸಿದ್ದರು. ನಾನೂ ನನ್ನ ಹೆಂಡತಿಯೂ ಮುಖ ಕೊಟ್ಟು ಮಾತಾಡದೆ ಎಷ್ಟೋ ವರ್ಷ ಒಂದೇ ಒಲೆಗೆ ಸೌದೆ ಹಾಕಿದೆವು, ಇಬ್ಬರೂ ಕಾಣದ ಒಂದು ಕುಂಬಳಕಾಯಿಗೆ ಹೆದರಿಕೊಂಡು. ಪಾಪ, ಅವಳು ತೀರಿಕೊಂಡಳು.

ಇದನ್ನು ಕೆದಕಿದವರು ವೇದವಲ್ಲಿ ಟೀಚರ್. ಹೊರಗಿನಿಂದ ನಮ್ಮೂರಿಗೆ ಸೊಸೆಯಾಗಿ ಬಂದವರು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಯಾವುದೋ ಮದುವೆ ಊಟದಲ್ಲಿ ಎಲೆಯ ಮುಂದೆ ಕೂತು, "ಅಲ್ಲಾ, ಇದನ್ನ ಕಣ್ಣಾರೆ ನೋಡಿದವರು ಯಾರು?" ಅಂದರು. ನಮ್ಮಜ್ಜ ನೋಡಿದ್ದನಂತೆ, ಅವರಜ್ಜಿ ನೋಡಿದ್ದಳಂತೆ ಅಂದವರೇ ಎಲ್ಲ. ಟೀಚರ್ ಪಾಯಸ ಮುಗಿಸಿ ಎದ್ದರು, ಮಾರನೆಯ ದಿನದಿಂದಲೇ ನೋಡಲು ಶುರು ಮಾಡಿದರು.

ನೋಡುವುದು ಸುಲಭವಲ್ಲ. ಮನೆ ಹೊಸದಾಗಿದ್ದಾಗ ದೊಡ್ಡದು ಇನ್ನೂ ಹುಟ್ಟಿದ ಬಿಸಿಯಲ್ಲೇ ಇರುತ್ತದೆ, ಕೆಂಡದ ಚೂರಿನ ಹಾಗೆ ಮಿಣುಕುತ್ತದೆ. ನಾಲ್ಕಾರು ಮಳೆಗಾಲಕ್ಕೆ ಹೆಂಚು ತಿರುವಿ ಹೊದಿಸುವಷ್ಟು ಕಾಲ ಕಳೆದರೆ ಅದು ತಣ್ಣಗಾಗಿ ಬೂದಿಯ ಬಣ್ಣ ಬಂದು ಕಾಣದೆ ಹೋಗುತ್ತದೆ. ಹಳೆಯ ಮನೆಗಳ ಮಾತು ಬಿಟ್ಟೇಬಿಡಿ. ಹೊಸ ಮನೆಗಳಲ್ಲೂ, ಮನೆಯ ನಕ್ಷತ್ರದ ಝಳಕ್ಕೆ ದೂರದ್ದೇನೂ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಟೀಚರ್ ಒಂದು ಮೊರಕ್ಕೆ ಮಸಿ ಬಳಿದು ಬಿದಿರ ಗಳುವಿನ ತುದಿಗೆ ಕಟ್ಟಿದರು. ಆ ಮೊರವನ್ನು ನಕ್ಷತ್ರಕ್ಕೆ ಅಡ್ಡ ಹಿಡಿಯಬೇಕು. ಹಿಡಿಯುವವಳು ಆ ಮನೆಯವಳೇ ಆಗಬೇಕು, ಬೇರೆಯವರ ಕೈ ಮನೆಯ ನಕ್ಷತ್ರಕ್ಕೆ ಮರೆಯಾದರೆ ಆಗಿಬರುವುದಿಲ್ಲ ಅಂತ ಹೆಂಗಸರು ಹಟ ಮಾಡಿದರು. ಸರಿ, ಅವಳು ಹೆಂಚಿನ ಮೇಲೆ ಗಳು ಹಿಡಿದು ನಿಲ್ಲುವುದು, ಟೀಚರ್ ಕೆರೆ ಏರಿಯ ಮೇಲೆ ದುರ್ಬೀನು ಇಟ್ಟುಕೊಂಡು ಕೂರುವುದು, ಹೊತ್ತು ಮುಳುಗಿ ಇನ್ನೂ ದೀಪ ಹಚ್ಚದ ಆ ಸಣ್ಣ ವೇಳೆಯಲ್ಲಿ. ಅವರ ಪಕ್ಕದಲ್ಲಿ ನಿಂತು "ಎಡಕ್ಕೆ! ಒಂಚೂರು ಕೆಳಕ್ಕೆ! ಅಲ್ಲಾಡಬ್ಯಾಡ!" ಅಂತ ಕೂಗುವುದು ನಾನು. ಊರಲ್ಲಿ ನನ್ನಷ್ಟು ದೊಡ್ಡ ಗಂಟಲು ಇನ್ನೊಬ್ಬರಿಗಿಲ್ಲ.

ಎಂಥ ಬೇಸರದ ಕೆಲಸ ಅಂತೀರಿ! ಕೈ ಕೊಂಚ ನಡುಗಿದರೂ ಮೊರದ ಅಂಚಿನಿಂದ ಬೆಳಕು ಸೋರಿ ನೂರೆಂಟು ಸುಳ್ಳು ಚುಕ್ಕಿ ಕಾಣುತ್ತವೆ. ಅವು ಮಾಯವಾಗುವ ತನಕ ಕಾಯಬೇಕು. ಮಾಯವಾದ ಮೇಲೆ ಉಳಿಯುವುದು ಬರೀ ಕತ್ತಲು. ಟೀಚರ್ ದುರ್ಬೀನಿನಿಂದ ಕಣ್ಣು ತೆಗೆದು "ಇಲ್ಲ" ಅನ್ನುತ್ತಾರೆ, ನಾನು "ಇಲ್ಲಾ!" ಅಂತ ಊರಿಗೆ ಕೇಳುವಂತೆ ಕೂಗುತ್ತೇನೆ, ಅಲ್ಲಿ ಅವಳು ಗಳು ಇಳಿಸುತ್ತಾಳೆ. ಮಾರನೆಯ ಸಂಜೆ ಇನ್ನೊಂದು ಮನೆ. ಇಲ್ಲ. ಮತ್ತೊಂದು ಮನೆ. ಇಲ್ಲ. ವರ್ಷಗಟ್ಟಲೆ ಹೀಗೆ. ಏರಿಯ ಮೇಲಿನ ಗಾಳಿಗೆ ನನ್ನ ಒಂದು ಕಿವಿ ಹೋಯಿತು, ಟೀಚರಿಗೆ ಒಂದು ಕಣ್ಣಲ್ಲಿ ನೀರು ಸೋರುವುದು ಶುರುವಾಯಿತು. ಕೊನೆಗೆ ತಿಳಿದದ್ದೇನೆಂದರೆ, ನೂರು ಮನೆ ನೋಡಿದರೆ ಒಂದಕ್ಕೋ ಎರಡಕ್ಕೋ ದೊಡ್ಡದು ಇರುತ್ತದೆ. ಅದೂ ತೆಂಗಿನಕಾಯಿ ಗಾತ್ರದ ನಕ್ಷತ್ರವಿರುವ ದೊಡ್ಡ ಒಲೆಯ ಮನೆಗಳಲ್ಲೇ. ಉಳಿದವರಿಗೆಲ್ಲ ಆ ದೂರದಲ್ಲಿ ಏನೂ ಇಲ್ಲ.

ಊರು ಮೊದಲು ಟೀಚರನ್ನು ಬೈಯಿತು. ಕೆಲವು ಹೆಂಗಸರು "ಇಲ್ಲ" ಅಂದದ್ದು ಕೇಳಿ ಹೆಂಚಿನ ಮೇಲೇ ಕೂತು ಅತ್ತರು. ಇನ್ನು ಕೆಲವರು ಗಳು ಇಳಿಸಿದವರು ಹಾಗೇ ಇಳಿದು, ಒಲೆಗೆ ನೀರು ಹೊಯ್ದು, ತವರಿಗೆ ನಡೆದರು. ಯಜಮಾನ ತೋಪೇಗೌಡರು, ಚಾವಡಿಯಲ್ಲಿ ನ್ಯಾಯ ಹೇಳುವವರು, ಬೇರೆ ದಾರಿಯಿಲ್ಲದೆ ಒಪ್ಪಿದರು: ಟೀಚರ್ ಇಲ್ಲ ಅಂದರೆ ಒಲೆ ಆರಿಸಬಹುದು. ಇದೆ ಅಂದರೆ ಆರಿಸುವಂತಿಲ್ಲ. ಹೇಳಲಾಗದು ಅಂದರೆ, ಇದೆ ಅಂತಲೇ ಲೆಕ್ಕ.

ಕೆಂಪಾಜಿ ನನ್ನ ಹತ್ತಿರ ಬಂದಾಗ ಅವಳ ಮನೆಗೆ ವಯಸ್ಸಾಗುತ್ತ ಬಂದಿತ್ತು. ಇನ್ನೊಂದು ಮಳೆಗಾಲ ಕಳೆದರೆ ನೋಡಿ ಪ್ರಯೋಜನವಿಲ್ಲ. ಕಾಣದಿದ್ದರೂ ಇದೆ ಅಂತಲೇ ಆಗುತ್ತದೆ. "ನಿನಗೆ ಯಾಕೆ ಭಯ, ನಿಂಬೆಹಣ್ಣಿನಷ್ಟು ನಕ್ಷತ್ರಕ್ಕೆ ಎಲ್ಲಿಂದ ಬರಬೇಕು ದೊಡ್ಡದು? ನಾಳೆ ಸಂಜೆಗೆ ಇಲ್ಲ ಅನ್ನುಸ್ಕೊಂಡು ಹೋಗೋಗು," ಅಂದೆ ನಾನು. ಟೀಚರೂ ಅದನ್ನೇ ಅಂದರು.

ಅವಳು ಗಳು ಹಿಡಿದಳು. ಕೈ ಅಲ್ಲಾಡಲಿಲ್ಲ. ಸುಳ್ಳು ಚುಕ್ಕಿಗಳು ಒಂದೊಂದಾಗಿ ಮಾಯವಾದವು ಅಂತ ಟೀಚರ್ ಗೊಣಗುತ್ತಿದ್ದುದು ನನಗೆ ಕೇಳುತ್ತಿತ್ತು. ಆಮೇಲೆ ಗೊಣಗುವುದು ನಿಂತಿತು. ನಾನು ಕೂಗಲು ಬಾಯಿ ತೆರೆದು ನಿಂತೆ. ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು.

"ಏನ್ ಟೀಚರೇ?"

"ಸುಮ್ಮನಿರಿ ಜವರಪ್ಪನವರೇ."

ನಾನು ಸುಮ್ಮನಿದ್ದೆ. ಊರಿಗೆ ಅಷ್ಟೇ ಸಾಕಾಯಿತು. ಸುತ್ತಲ ಹೆಂಚುಗಳ ಮೇಲೆ, ಜಗುಲಿಗಳ ಮೇಲೆ ನೋಡುತ್ತ ನಿಂತಿದ್ದವರಿಗೆ ನನ್ನ "ಇಲ್ಲಾ" ಕೇಳಿಸದಿದ್ದುದೇ ಸುದ್ದಿ. ಟೀಚರ್ ನನಗೆ ತಗ್ಗಿದ ದನಿಯಲ್ಲಿ ಹೇಳಿದರು: ಗೋಮಾಳದ ಆಚೆ ಒಂದು ಕೆಂಪು ಚುಕ್ಕಿ ಇದೆ, ಅಳಿಸಿ ಹೋಗುತ್ತಿಲ್ಲ. ಆದರೆ ಅದು ಈ ಮನೆಯದೋ ಹಿಂದೆಲ್ಲೋ ಇರುವ ಬೇರೆ ಬೆಳಕೋ ಈಗಲೇ ಹೇಳಲಾಗುವುದಿಲ್ಲ. ಆಷಾಢದ ಗಾಳಿಗೆ ಮನೆಮೇಲಿನ ನಕ್ಷತ್ರಗಳೆಲ್ಲ ಒಂದು ಗೇಣು ಮೂಡಲಿಗೆ ವಾಲುತ್ತವಲ್ಲ, ಆಗ ಇನ್ನೊಮ್ಮೆ ನೋಡಬೇಕು. ಮನೆಯದಾದರೆ ಜೊತೆಯಲ್ಲೇ ವಾಲುತ್ತದೆ. ಬೇರೆಯದಾದರೆ ಇದ್ದಲ್ಲೇ ಇರುತ್ತದೆ.

ಇದನ್ನು ಕೇಳುವ ವ್ಯವಧಾನ ಊರಿಗೆ ಎಲ್ಲಿತ್ತು? ನಾವು ಏರಿ ಇಳಿದು ಬರುವಷ್ಟರಲ್ಲಿ ಕೆಂಪಾಜಿಯ ಅಂಗಳ ಉರಿಯುತ್ತಿತ್ತು. ದೊಡ್ಡದಿರುವ ಮನೆಗೆ ಒಂದೊಂದು ಮನೆಯವರೂ ಒಂದೊಂದು ದೀಪ ತಂದು ಇಡುವುದು ಟೀಚರ್ ನೋಡಲು ತೊಡಗಿದ ಮೇಲೆ ಬಂದ ಪದ್ಧತಿ. ಆ ದೀಪವನ್ನು ಮನೆಯವರು ದಿನವೂ ಸಂಜೆಗೆ ಹಚ್ಚಬೇಕು, ಇಟ್ಟವರ ಹೊರತು ಬೇರೆ ಯಾರೂ ಆರಿಸಿ ತೆಗೆಯಬಾರದು. ಸಣ್ಣ ನಕ್ಷತ್ರಕ್ಕೆ ದೊಡ್ಡದು ಕಂಡದ್ದು ಅದೇ ಮೊದಲು ನೋಡಿ, ಊರಿಗೆ ಊರೇ ಬಂದಿತ್ತು. ಜಗುಲಿ, ಒಳಕಲ್ಲು, ಗಾಣದ ಕಟ್ಟೆ, ಕೊಟ್ಟಿಗೆಯ ಗೋಡೆ, ಎಲ್ಲೆಲ್ಲೂ ದೀಪ. ದ್ಯಾವಪ್ಪ ಎಣ್ಣೆ ಗಡಿಗೆ ಹಿಡಿದು, "ಇದ್ಕೆ ಹಾಕಿದ್ಯಾ? ಅದ್ಕೆ ಹಾಕಿದ್ಯಾ?" ಅಂತ ಹೆಂಡತಿಯನ್ನು ಕೇಳುತ್ತ ಓಡಾಡುತ್ತಿದ್ದ. ಕೆಂಪಾಜಿ ಹೊಸ್ತಿಲ ಮೇಲೆ ಕೂತಿದ್ದಳು. ಬಂದವರೆಲ್ಲ ಅವಳ ಹಣೆಗೆ ಕುಂಕುಮ ಇಡುತ್ತಿದ್ದರು.

ಟೀಚರ್ ತಲೆ ಹಿಡಿದುಕೊಂಡರು. ಈ ದೀಪಗಳ ಬೆಳಕಿನಲ್ಲಿ ಮೊರ ಹಿಡಿದು ಏನು ಬಂತು? ಆಷಾಢದ ಸಂಜೆಗಳಲ್ಲೂ ಇವು ಹೀಗೇ ಉರಿದರೆ ಎರಡನೆಯ ಸಲ ನೋಡುವುದೇ ಆಗುವುದಿಲ್ಲ. ನೋಡದಿದ್ದರೆ ಹೇಳಲಾಗದು ಅಂತ ಆಗುತ್ತದೆ. ಹೇಳಲಾಗದು ಅಂದರೆ ಇದೆ ಅಂತ ಲೆಕ್ಕ. ಹರಸಲು ಬಂದವರೇ ಅವಳನ್ನು ಒಳಗೆ ಹಾಕಿ ಬೀಗ ಜಡಿದ ಹಾಗಾಯಿತು.

ಮಾರನೆಯ ಬೆಳಿಗ್ಗೆಯಿಂದ ಕೆಂಪಾಜಿ ಮನೆಮನೆಗೆ ನಡೆದಳು. ನಾನೂ ಕೋಲೂರಿಕೊಂಡು ಹಿಂದೆ ಹೋದೆ. ಎಲ್ಲರ ಬಾಗಿಲಲ್ಲೂ ಅದೇ ಮಾತು: ಬಂದು ನಿಮ್ಮ ದೀಪ ಆರಿಸಿ ತಗೊಂಡು ಹೋಗಿ. ಕೆಲವರು ಅಪಶಕುನ ಅಂತ ಬಾಗಿಲು ಹಾಕಿಕೊಂಡರು. ಕುಂಬಾರಗೇರಿಯಲ್ಲಿ ಒಬ್ಬಳು ಮಡಕೆ ತಟ್ಟುತ್ತ ಕೂತಿದ್ದವಳು ತಲೆಯೆತ್ತಲಿಲ್ಲ.

"ನಂಗೆ ಇಲ್ಲ ಅಂದ್ರು. ನಮ್ಮಕ್ಕಂಗೂ ಇಲ್ಲ ಅಂದ್ರು. ನಿಂಗೈತೆ. ಬ್ಯಾಡ ಅಂತ ಊರ್ ಮೇಲೆ ಬಂದಿದ್ದೀಯಾ? ಕೊಬ್ಬು ಕಣೇ ನಿಂಗೆ."

"ಕೊಬ್ಬಲ್ಲ ಕಣಕ್ಕ, ಸುಸ್ತು," ಅಂದಳು ಕೆಂಪಾಜಿ.

ಕುಂಬಾರಗಿತ್ತಿ ಆಗ ತಲೆಯೆತ್ತಿದಳು. ಇವಳ ಮುಖವನ್ನು ಒಂದು ಗಳಿಗೆ ನೋಡಿದಳು. ಕೈಯ ಜೇಡಿಯನ್ನು ಸೀರೆಗೆ ಒರೆಸಿಕೊಂಡು ಎದ್ದು, "ನಡಿ, ನಂದೊಂದು ಆರಿಸ್ತೀನಿ," ಅಂದಳು. ಅವಳು ಬಂದದ್ದು ನೋಡಿ ಅವಳ ಕೇರಿಯವರು ಬಂದರು. ಹಾಗೂ ಹೀಗೂ ದೀಪಗಳು ಕಡಿಮೆಯಾಗುತ್ತ ಬಂದವು. ಒಂದೊಂದಕ್ಕೂ ಒಂದು ಬೈಗುಳ ತಿನ್ನಬೇಕಾಯಿತು. ಬೇಸಿಗೆಯೆಲ್ಲ ಅವಳಿಗೆ ಅದೇ ಕೆಲಸ, ಕೊನೆಯ ದೀಪ ಆರುವಾಗ ಮುಂಗಾರು ಹಿಡಿದಿತ್ತು.

ಒಂದು ದಿನ ನಾನು ಗಾಣದ ಹತ್ತಿರ ಹೋಗಿ ಕೂತೆ. ದ್ಯಾವಪ್ಪ ಎತ್ತಿನ ಹಿಂದೆ ಸುತ್ತುತ್ತಿದ್ದ. "ನೀನೇನಂತೀಯಪ್ಪಾ?" ಅಂತ ಕೇಳಿದೆ.

"ಐತೆ ಅಂದ್ರೆ ಚೆಂದ ಅನ್ಸುತ್ತೆ ಮಾವ," ಅಂದ. ಇನ್ನೊಂದು ಸುತ್ತು ಬಂದು, "ಅವಳ ಮಕ ನೋಡುದ್ರೆ ಇಲ್ಲ ಅಂದ್ರೂ ಚೆಂದ ಅನ್ಸಿಬುಡುತ್ತೆ," ಅಂದ. ಮತ್ತೊಂದು ಸುತ್ತು. "ನಾನು ಕೇಳ್ದಲೇ ಇರಾಕ್ ನೋಡ್ದೆ ಮಾವ. ಬಾಯಿ ಕಚ್ಕಂಡು ಕೂತ್ರೆ ಎದೆ ಡವಗುಟ್ಟುತ್ತೆ. ಎಲ್ಲೋ ಏನೋ ಉರಿತಾ ಐತೆ, ಯಾರೂ ನೋಡಿಲ್ಲ ಅನ್ನೋ ಹಂಗೆ. ಇದ್ಕೆ ಔಸ್ದಿ ಐತಾ?"

"ನಂಗೊತ್ತಿಲ್ಲಪ್ಪ."

"ಯಾರಿಗ್ ಗೊತ್ತಿರ್ಬೋದು?" ಅಂತ ಕೇಳಿದ. ನಾನು ಎದ್ದು ಬಂದೆ.

ಆಷಾಢ ಬಂತು. ಪಡುವಲ ಗಾಳಿ ಬಿಟ್ಟೂಬಿಡದೆ ಬೀಸಿತು, ನಕ್ಷತ್ರಗಳು ಮೂಡಲಿಗೆ ವಾಲಿದವು. ಮೋಡ ಸರಿದು ಒಂದು ಸಂಜೆ ಸಿಗಲು ಎಷ್ಟೋ ದಿನ ಕಾದೆವು. ಸಿಕ್ಕ ಸಂಜೆ ಕೆಂಪಾಜಿ ಗಳು ಹಿಡಿಯಲು ಹೋಗಲಿಲ್ಲ. ನೇರ ಏರಿಗೆ ಬಂದಳು.

"ಈ ಸಲ ನಾನ್ ನೋಡ್ತೀನಿ ಟೀಚರೇ. ಮೊರ ಅವ್ನು ಹಿಡೀಲಿ."

ಗಂಡಸು ಮೊರ ಹಿಡಿದದ್ದು ಊರಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಅವನೂ ಆ ಮನೆಯವನೇ ತಾನೆ? ದ್ಯಾವಪ್ಪ ಹೆಂಚಿನ ಮೇಲೆ ನಿಂತು ಗಳು ಎತ್ತಿದ. ಎತ್ತಿದವನೇ ಅಲ್ಲಿಂದ ಕೂಗಿದ, "ಮಾವಾ, ನೆಟ್ಟಗೈತಾ?"

"ನೆಟ್ಟಗೈತೆ!"

"ಇನ್ನೊಸಿ ಮ್ಯಾಲಕ್ಕಾ?"

"ಬ್ಯಾಡಾ!"

"ಗಾಳಿಗೆ ಅಲ್ಲಾಡ್ತಾ ಐತಾ?"

"ಬಾಯ್ ಮುಚ್ಚಿದ್ರೆ ಅಲ್ಲಾಡಾಕಿಲ್ಲ ಕಣಪ್ಪಾ!" ಅಂದೆ. ಸುತ್ತಲವರು ನಕ್ಕರು. ಕೆಂಪಾಜಿಯೂ ತುಟಿಯಂಚಲ್ಲಿ ನಕ್ಕಳು, ಕಣ್ಣನ್ನು ದುರ್ಬೀನಿಗೆ ಇಟ್ಟಳು.

ಬಹಳ ಹೊತ್ತು ನೋಡಿದಳು. ಟೀಚರ್ ಅವಳ ಪಕ್ಕದಲ್ಲಿ ಕೂತು, ಮುಂಚಿನ ಜಾಗ ಎಲ್ಲಿ, ಈಗ ಎಲ್ಲಿರಬೇಕು ಅಂತ ಬೆರಳಲ್ಲಿ ತೋರಿಸಿಕೊಟ್ಟರು. ಆಮೇಲೆ ಟೀಚರ್ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ಸುಳ್ಳಿಗೆ ಮಣಿಯದ ಹೆಂಗಸು ಅದು, ವರ್ಷಗಟ್ಟಲೆ ಊರಿಂದ ಬೈಸಿಕೊಂಡರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದವರು. ಅವತ್ತು ಅವರಿಗೂ ದಣಿವಾಗಿತ್ತು ಅಂತ ಕಾಣುತ್ತದೆ.

"ಕೆಂಪಾಜಿ, ನಾನು ಈಗ ನೋಡೋದಿಲ್ಲ. ನನ್ನ ಕಣ್ಣು ಸರಿಯಿಲ್ಲ ಇವತ್ತು. ನೀನು ಏನಂತೀಯೋ ಅದೇ ನನ್ನ ಮಾತು. ಇಲ್ಲ ಅಂದರೆ ಇಲ್ಲ."

ಅವಳು ಕಣ್ಣು ತೆಗೆದಳು. ಟೀಚರನ್ನು ನೋಡಿದಳು, ನನ್ನನ್ನು ನೋಡಿದಳು, ಊರಿನ ಕಡೆ ತಿರುಗಿ ಆ ಸಾಲು ಹೆಂಚುಗಳನ್ನು, ಅವುಗಳ ಮೇಲೆ ವಾಲಿಕೊಂಡಿದ್ದ ನಕ್ಷತ್ರಗಳನ್ನು ನೋಡಿದಳು. ಕುಂಬಾರಗೇರಿಯ ಕಡೆಯಿಂದ ಯಾರೋ ಮಗುವನ್ನು ಕರೆಯುತ್ತಿದ್ದರು.

"ಐತೆ," ಅಂದಳು. "ಗೇಣು ವಾಲೈತೆ, ಜೊತೆಗೇ. ನಮ್ದೇಯ."

"ಯೋಚನೆ ಮಾಡಿ ಹೇಳು," ಅಂದರು ಟೀಚರ್.

"ಏನ್ ಯೋಚ್ನೆ? ನಾಳೆ ಅದು ಬಂದು ಯಾರ್ದೋ ಮಗಿನ ಮ್ಯಾಲೆ ಬಿದ್ರೆ, ನಾನು ತವರಲ್ಲಿ ಕೂತು ಉಣ್ಣಾಕಾಯ್ತದಾ? ಕೂಗು ಮಾವ."

ನಾನು ಕೋಲಿನ ತುದಿಯಿಂದ ಏರಿಯ ಮಣ್ಣು ಕೆರೆಯುತ್ತ ನಿಂತೆ. ಅವಳೇ ಎದ್ದು ನಿಂತು ಕೂಗಿದಳು.

ಚಾವಡಿಯಲ್ಲಿ ಯಜಮಾನ ತೋಪೇಗೌಡರು ಎಲ್ಲರನ್ನೂ ಕೂರಿಸಿ ಬಾಯಿಪಾಠದ ಕಟ್ಟಳೆಯನ್ನು ಹೇಳಿದರು. ದೊಡ್ಡದಿರುವ ಮನೆಯ ಒಲೆ ಆರಬಾರದು. ಹಚ್ಚಿದ ಇಬ್ಬರೂ ಬದುಕಿರುವ ತನಕ ಇಬ್ಬರ ಕೈಯ ಸೌದೆಯೂ ಅದಕ್ಕೆ ಬೀಳುತ್ತಿರಬೇಕು. ಒಬ್ಬರ ಕೈಯದೇ ಬಿದ್ದರೆ ನಕ್ಷತ್ರ ಸೊರಗುತ್ತದೆ. ಮುಗಿಯಿತು, ಎಲ್ಲರೂ ಏಳಿ ಅನ್ನುವ ಹಾಗೆ ಹೆಗಲ ವಸ್ತ್ರ ಕೊಡವಿದರು. ದ್ಯಾವಪ್ಪ ಹೆಂಡತಿಯ ಕಡೆ ನೋಡಲಾರದೆ ಕಂಬ ನೋಡುತ್ತ ಕೂತಿದ್ದ. ಕೆಂಪಾಜಿ ಏಳಲಿಲ್ಲ.

"ಎಷ್ಟ್ ದಿನಕ್ಕೊಂದ್ ಸಲ ಬೀಳ್ಬೇಕು ಗೌಡ್ರೇ?"

"ಏನು?"

"ನನ್ ಕೈ ಸೌದೆ. ದಿನಾ ಬೀಳ್ಬೇಕಾ? ವಾರಕ್ಕೊಂದ್ ಕಿತನಾ? ಸುಗ್ಗಿಗೊಂದ್ ಕಿತನಾ?"

ತೋಪೇಗೌಡರು ಪಕ್ಕದ ಹಿರಿಯರನ್ನು ನೋಡಿದರು. ಅವರು ಇನ್ನೊಬ್ಬರನ್ನು ನೋಡಿದರು. ಕಟ್ಟಳೆಯಲ್ಲಿ ಅದಿರಲಿಲ್ಲ. ಯಾರೂ ಕೇಳಿರಲಿಲ್ಲ. ಎಲ್ಲರ ಮನೆಗೂ ಉಂಟು ಅಂತ ನಂಬಿದ ಊರಿನಲ್ಲಿ ಗಂಡ ಹೆಂಡತಿ ದಿನವೂ ಒಂದೇ ಅಡುಗೆಮನೆಯಲ್ಲಿರುತ್ತಿದ್ದರು, ಸೌದೆ ತಾನಾಗಿ ಬೀಳುತ್ತಿತ್ತು.

"ನೋಡೇ ತಿಳೀಬೇಕು," ಅಂದರು ಟೀಚರ್ ಮೂಲೆಯಿಂದ.

ಕೆಂಪಾಜಿ ಅವತ್ತೇ ಒಂದು ಹೊರೆ ಸೌದೆಯನ್ನು ತನ್ನ ಕೈಯಾರೆ ಒಲೆಗಿಟ್ಟು ಹೊರಟಳು. ಊರ ಎಲ್ಲೆಯಲ್ಲಿ ಜೌಗು ಇದೆ, ಅಲ್ಲಿ ಜೊಂಡು ಕುಯ್ದು ಚಾಪೆ ಹೆಣೆಯುವ ಹೆಂಗಸರ ಗುಡಿಸಲುಗಳಿವೆ. ಅವರ ಜೊತೆ ಸೇರಿಕೊಂಡಳು. ನಕ್ಷತ್ರ ಸೊರಗಿದ ತಕ್ಷಣ ಹೇಳಿಕಳಿಸಬೇಕು ಅಂತ ದ್ಯಾವಪ್ಪನ ಜೊತೆ ಮಾತಾಯಿತು. ಅವನು ತಲೆಯಾಡಿಸಿದ.

ನಾನು ಅವಳನ್ನು ನೋಡಲು ಒಂದು ಸಲ ಹೋಗಿದ್ದೆ. ಮೊಣಕಾಲುದ್ದ ನೀರಲ್ಲಿ ನಿಂತು ಜೊಂಡು ಕುಯ್ಯುತ್ತಿದ್ದಳು. ಅಲ್ಲಿನವರು ಕೆಲಸ ಮಾಡುವಾಗ ಮಾತಾಡುವುದಿಲ್ಲ. ಮಧ್ಯಾಹ್ನ ಅವಳು ಚಾಪೆಯ ಮೇಲೆ ಹಾಗೇ ಒರಗಿ ನಿದ್ದೆ ಹೋದಳು. ಬಾಯಿ ತೆರೆದುಕೊಂಡು, ಗೊರಕೆ ಹೊಡೆದುಕೊಂಡು, ಹೊತ್ತು ಇಳಿಯುವ ತನಕ. ನಾನು ಎಬ್ಬಿಸದೆ ವಾಪಸು ಬಂದೆ.

ಆಮೇಲೆ ಮಂಡಿನೋವಿಗೆ ನಾನೇ ಮನೆ ಹಿಡಿದೆ. ಆಷಾಢ ಕಳೆಯಿತು, ಶ್ರಾವಣ ಕಳೆಯಿತು, ಬಿಡದ ಮಳೆಗೆ ಊರಲ್ಲಿ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಗೌರಿ ಹಬ್ಬದ ಬೆಳಿಗ್ಗೆ ಕೋಲೂರಿಕೊಂಡು ದ್ಯಾವಪ್ಪನ ಮನೆಯ ಕಡೆ ಹೋದವನು ಹೆಂಚಿನ ಮೇಲೆ ನೋಡಿದೆ. ಏನೂ ಕಾಣಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ. ಸಾಸಿವೆಯಷ್ಟು ಒಂದು ಕೆಂಪು, ಬತ್ತಿಯ ಕುಡಿ ಆರುವ ಮುಂಚೆ ಇರುವ ಹಾಗೆ. ಅದರ ಸುತ್ತಲ ಕಾಳುಗಳು ದಿಕ್ಕು ತಪ್ಪಿ ಹೆಂಚಿನ ಮೇಲೆ ಉದುರುತ್ತಿದ್ದವು. ದ್ಯಾವಪ್ಪ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅ​ದನ್ನೇ ನೋಡುತ್ತಿದ್ದ. ಕಣ್ಣು ಗುಳಿ ಬಿದ್ದಿದ್ದವು.

"ಹೇಳಿ ಕಳಿಸ್ಲಿಲ್ವೇನೋ, ಮೂಳ!" ಅಂತ ಅರಚಿದೆ. ನಾನು ಜಗುಲಿ ಹತ್ತಿ ನಿಂತು, ನನ್ನ ಗಂಟಲು ಯಾತಕ್ಕೆ ಇದೆಯೋ ಅದಕ್ಕೆಲ್ಲ ಸೇರಿಸಿ, ಜೌಗಿನ ಕಡೆಗೆ ಕೂಗಿದೆ. ಗೋಮಾಳದಲ್ಲಿ ದನ ಕಾಯುವವರು ಕೇಳಿಸಿಕೊಂಡು ಮುಂದಕ್ಕೆ ಕೂಗಿದರು, ಅಲ್ಲಿಂದ ಮುಂದಿನವರು. ಕೆಂಪಾಜಿ ಸೀರೆ ಎತ್ತಿ ಕಟ್ಟಿಕೊಂಡು, ಕಾಲೆಲ್ಲ ಕೆಸರು, ಓಡಿ ಬಂದಳು. ಯಾರ ಜೊತೆಯೂ ಮಾತಾಡದೆ ಒಳಗೆ ನುಗ್ಗಿ ಒಲೆಯ ಮುಂದೆ ಬಿದ್ದಳು. ಒಂದು ಸೌದೆ, ಎರಡು ಸೌದೆ, ಊದುಗೊಳವೆಯಲ್ಲಿ ಊದಿದ್ದೇ ಊದಿದ್ದು. ನಾನು ಹೊರಗೆ ನಿಂತು ಮೇಲೆ ನೋಡುತ್ತಿದ್ದೆ. ಸಾಸಿವೆ ಸಾಸಿವೆಯಾಗಿಯೇ ಇತ್ತು. ಊರಿನವರು ಕೂಡಿಕೊಂಡು ಗೋಮಾಳದ ಆಕಾಶ ನೋಡುತ್ತ ಮಕ್ಕಳನ್ನು ಮನೆಯೊಳಗೆ ಎಳೆದುಕೊಳ್ಳುತ್ತಿದ್ದರು. ಆಮೇಲೆ ಅದು ಕಡಲೆಯಷ್ಟಾಯಿತು. ಬಿಸಿಲೇರುವಷ್ಟರಲ್ಲಿ ನಿಂಬೆಹಣ್ಣಾಯಿತು.

ಅವಳು ಹೊರಗೆ ಬಂದು ಗಂಡನ ಮುಂದೆ ನಿಂತಳು. ಹೊಗೆಗೆ ಕಣ್ಣೆಲ್ಲ ಕೆಂಪಾಗಿದ್ದವು.

"ಯಾಕ್ ಕರೀಲಿಲ್ಲ?"

"ದಿನಾ ನೋಡ್ತಾನೇ ಇದ್ದೆ," ಅಂದ ದ್ಯಾವಪ್ಪ. ದನಿ ಗೊಗ್ಗರಾಗಿತ್ತು. "ಇನ್ನೊಂದಿನ ತಡೀತೈತೆ, ಇನ್ನೊಂದಿನ ಅವ್ಳು ಅಲ್ಲೇ ಇರ್ಲಿ ಅಂತ. ಎದೆ ಡವಡವ ಅಂತಿತ್ತು. ಕೂತೇ ಇದ್ದೆ."

ಕೆಂಪಾಜಿ ಅವನ ಪಕ್ಕದಲ್ಲಿ, ಒಂದು ಮಾರು ಬಿಟ್ಟು, ನೆಲದ ಮೇಲೆ ಕೂತಳು. ಅವನು ಒಳಗೆ ಹೋಗಿ ಮಜ್ಜಿಗೆ ತಂದು ಅವಳ ಮುಂದಿಟ್ಟ. ಉಪ್ಪು ಸಾಕಾ ಅಂತ ಬಾಯಿ ತುದಿಗೆ ಬಂದದ್ದು ನನಗೂ ಕಂಡಿತು, ಅವಳಿಗೂ ಕಂಡಿರಬೇಕು. ಅವನು ತುಟಿ ಬಿಗಿದುಕೊಂಡ. ಅವಳು ಮಜ್ಜಿಗೆ ಕುಡಿದಳು.

"ಇಷ್ಟ್ ದಿನ ತಡೀತೈತೆ ಅಂತಾಯ್ತಲ್ಲ," ಅಂದಳು ನನ್ನ ಕಡೆ ತಿರುಗಿ. "ಟೀಚರಿಗೆ ಹೇಳು ಮಾವ. ಗೌಡ್ರಿಗೂ ಹೇಳು. ಇದ್ರಾಗೆ ಒಸಿ ಕಮ್ಮಿ ಮಾಡ್ಕಂಡು ಬತ್ತೀನಿ."

ಮಧ್ಯಾಹ್ನದ ತನಕ ನಕ್ಷತ್ರ ಅಲುಗದೆ ಇದೆಯೇ ಅಂತ ನೋಡಿಕೊಂಡು ಕೂತಿದ್ದಳು. ಆಮೇಲೆ ಎದ್ದು ಒಲೆಗೆ ಇನ್ನೊಂದು ಹೊರೆ ಇಟ್ಟಳು, ಕಾಲು ತೊಳೆದುಕೊಂಡಳು, ಕುಡುಗೋಲು ಸಿಕ್ಕಿಸಿಕೊಂಡಳು. ದ್ಯಾವಪ್ಪ ಗಾಣದ ಕಟ್ಟೆಗೆ ಆತುಕೊಂಡು ನಿಂತಿದ್ದ, ಎರಡು ಕೈಯನ್ನೂ ಕಂಕುಳಲ್ಲಿ ಅವುಚಿಕೊಂಡು. ಅವಳು ಬೀದಿಗೆ ಇಳಿದವಳು ನಿಂತಳು.

"ಗೋಮಾಳದ್ ದಾರೀಲೇ ಹೋಯ್ತೀನಿ," ಅಂದಳು. "ಏರಿ ಜಾರ್ತೈತೆ. ಬುತ್ತಿ ಕಟ್ಕಂಡಿಲ್ಲ, ಅಲ್ಲೇ ಉಣ್ತೀನಿ. ದಸ್ರಾ ಹೊತ್ಗೆ ಬತ್ತೀನಿ."

ದ್ಯಾವಪ್ಪ "ಹೂಂ" ಅಂದ. ಅವಳು ನಡೆದಳು. ಅವಳು ಗೋಮಾಳ ದಾಟುವ ತನಕ ಅವನು ನಿಂತೇ ಇದ್ದ. ಆಮೇಲೆ ಒಳಗೆ ಹೋಗಿ ಎತ್ತಿಗೆ ನೊಗ ಹೂಡಿದ. ನಾನು ಕೋಲು ಹುಡುಕಿಕೊಂಡು ಟೀಚರ ಮನೆಯ ಕಡೆ ಹೊರಟೆ.